ಡಿಕ್ಷನರಿ ಮುಚ್ಚಿ ಓದಿ, ನಾಲ್ಕೇ ಸಾಲು ಬರೆಯಿರಿ

ಪ್ರಶ್ನೆ: ನನಗೆ 34 ವರ್ಷ. ಕಾಲೇಜು ಮುಗಿಯುವವರೆಗೂ ಕನ್ನಡದಲ್ಲೇ ಓದಿದವನು. ಈಗ ಕೆಲಸದಲ್ಲಿ ದಿನಾ ಇಂಗ್ಲಿಷ್ ಮೇಲ್ ಬರೆಯಬೇಕು. ಹತ್ತು ಸಾಲಿನ ಒಂದು ಮೇಲ್‌ಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಕನ್ನಡದಲ್ಲಿ ಯೋಚಿಸಿ, ಆಮೇಲೆ ಒಂದೊಂದೇ ಪದ ಹುಡುಕಿ ಜೋಡಿಸುತ್ತೇನೆ. ಓದುವ ರೂಢಿಯಾಗಲಿ ಅಂತ ಇಂಗ್ಲಿಷ್ ಪೇಪರ್ ಹಿಡಿದೆ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಕೂತರೆ ಮೂರನೇ ಪ್ಯಾರಾಕ್ಕೆ ತಲೆನೋವು. ಎರಡು ಗ್ರಾಮರ್ ಪುಸ್ತಕ ಮುಗಿಸಿದ್ದೇನೆ. ಬಿಟ್ಟ ಸ್ಥಳ ತುಂಬಿ ಅಂದರೆ ಸರಿಯಾಗಿ ತುಂಬುತ್ತೇನೆ, ಖಾಲಿ ಹಾಳೆ ಕೊಟ್ಟರೆ ಕೈ ಓಡುವುದಿಲ್ಲ. ಮಾತಾಡುವುದು ಹೇಗೋ ನಡೆಯುತ್ತದೆ. ಓದು, ಬರಹ ಇವೆರಡನ್ನು ಸರಿ ಮಾಡಿಕೊಳ್ಳಬೇಕು. ಎಲ್ಲಿಂದ ಶುರು ಮಾಡಲಿ? ಇನ್ನೊಂದು ಸಣ್ಣ ಅನುಮಾನ: ಸ್ಪೆಲಿಂಗ್‌ನಲ್ಲಿ ಬ್ರಿಟಿಷ್ ರೀತಿ ಹಿಡಿಯಲಾ, ಅಮೆರಿಕನ್ ರೀತಿ ಹಿಡಿಯಲಾ?

ಉತ್ತರ: ಮೊದಲು ಆ ಪೇಪರನ್ನು ಪಕ್ಕಕ್ಕಿಡಿ. ಪೂರ್ತಿ ಬಿಡಿ ಅಂತಲ್ಲ, ಒಂದು ವರ್ಷದ ಮಟ್ಟಿಗೆ. ಇಂಗ್ಲಿಷ್ ಕಲಿಯಬೇಕು ಅಂದವರಿಗೆಲ್ಲ ಸಿಗುವ ಮೊದಲ ಸಲಹೆ ‘ದಿನಾ ಪೇಪರ್ ಓದು’. ಹೇಳುವವರದು ಒಳ್ಳೆ ಮನಸ್ಸೇ. ಆದರೆ ದೊಡ್ಡವರಿಗೆ ಇಷ್ಟು ವರ್ಷ ಇಂಗ್ಲಿಷ್ ಕಲಿಸಿದ ಮೇಲೆ ನನಗನ್ನಿಸುವುದು, ಜನರನ್ನು ಓದಿನಿಂದ ಓಡಿಸುವುದರಲ್ಲಿ ಈ ಸಲಹೆಯನ್ನು ಮೀರಿಸುವುದು ಇನ್ನೊಂದಿಲ್ಲ.

ಪೇಪರಿನ ಇಂಗ್ಲಿಷೇ ಬೇರೆ. ತಲೆಬರಹಗಳನ್ನೇ ನೋಡಿ. ಜಾಗ ಉಳಿಸಲು ‘ದ’, ‘ಈಸ್’ ಎಲ್ಲ ಕಿತ್ತುಹಾಕಿರುತ್ತಾರೆ. ನಿನ್ನೆ ನಡೆದದ್ದನ್ನು ಇವತ್ತು ನಡೆಯುತ್ತಿರುವ ಹಾಗೆ ಬರೆಯುತ್ತಾರೆ. ಮುಂದೆ ನಡೆಯುವುದಕ್ಕೆ ಬರೀ ‘ಟು’ ಹಾಕಿ ಮುಗಿಸುತ್ತಾರೆ: ‘ಕೋರ್ಟ್ ಟು ಹಿಯರ್ ಕೇಸ್’. ತನಿಖೆಗೆ ‘ಪ್ರೋಬ್’, ಟೀಕಿಸುವುದಕ್ಕೆ ‘ಸ್ಲ್ಯಾಮ್’ ಅನ್ನುತ್ತಾರೆ. ಗಿಡ್ಡ ಪದಗಳು, ಕಾಲಮ್ಮಿನ ಅಗಲಕ್ಕೆ ಹೊಂದುತ್ತವೆ. ಅದನ್ನೇ ಕಲಿತು ನೀವು ಮೇಲ್‌ನಲ್ಲಿ ‘ಮೈ ಮ್ಯಾನೇಜರ್ ಸ್ಲ್ಯಾಮ್ಡ್ ಮಿ’ ಅಂತ ಬರೆದರೆ ಓದಿದವರು ನಿಮಗೆ ಏಟು ಬಿತ್ತಾ ಅಂತ ಗಾಬರಿಯಾದಾರು.

ತಲೆನೋವು ನಿಮ್ಮ ಬುದ್ಧಿಯ ದೋಷವಲ್ಲ, ಲೆಕ್ಕದ ದೋಷ. ಪಾಲ್ ನೇಷನ್ ಅಂತ ನ್ಯೂಜಿಲೆಂಡಿನ ಭಾಷಾತಜ್ಞರಿದ್ದಾರೆ. ಪರಭಾಷೆಯ ಪದಗಳನ್ನು ಜನ ಹೇಗೆ ಕಲಿಯುತ್ತಾರೆ ಅನ್ನುವುದನ್ನೇ ಹಿಡಿದು ಕೂತವರು. ಅವರು ಇನ್ನೊಬ್ಬ ಸಂಶೋಧಕರ ಜೊತೆ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಸಾರ ಇಷ್ಟು: ಯಾರ ಸಹಾಯವೂ ಇಲ್ಲದೆ ಒಂದು ಕತೆ ಸಲೀಸಾಗಿ ಅರ್ಥವಾಗಬೇಕಾದರೆ ಅದರ ಪದಗಳಲ್ಲಿ ಸುಮಾರು 98% ಓದುಗರಿಗೆ ಮೊದಲೇ ಗೊತ್ತಿರಬೇಕು. ಅಂದರೆ 50 ಪದಕ್ಕೆ ಒಂದೇ ಒಂದು ಹೊಸ ಪದ. 2006ರಲ್ಲಿ ಅವರೇ ಇನ್ನೊಂದು ಲೆಕ್ಕ ಕೊಟ್ಟರು. ಕಾದಂಬರಿ, ಪೇಪರುಗಳನ್ನು ಈ ಮಟ್ಟದಲ್ಲಿ ಓದಲು 8,000ದಿಂದ 9,000 ಪದಕುಟುಂಬ ಬೇಕು. ಪದಕುಟುಂಬ ಅಂದರೆ ‘ಡಿಸೈಡ್’, ‘ಡಿಸೈಡೆಡ್’, ‘ಡಿಸಿಷನ್’ ಎಲ್ಲ ಸೇರಿ ಒಂದು. ತುಂಬ ಬಳಕೆಯ 2,000 ಪದಕುಟುಂಬ ಗೊತ್ತಿದ್ದರೆ ಮಾಮೂಲಿ ಬರಹದ ಸುಮಾರು 80% ಪದ ಕೈಗೆ ಸಿಗುತ್ತದೆ. ಕೇಳಲು ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಆದರೆ ಐದಕ್ಕೊಂದು ಪದ ಗೊತ್ತಿಲ್ಲ ಅಂತಾಯಿತು. ಐದು ಹೆಜ್ಜೆಗೊಂದು ಗುಂಡಿ ಇರುವ ದಾರಿಯಲ್ಲಿ ಯಾರು ತಾನೇ ದೂರ ನಡೆದಾರು?

ಹಾಗಾಗಿ ಒಂದು ಸುಲಭದ ಪರೀಕ್ಷೆ ಇಟ್ಟುಕೊಳ್ಳಿ. ಪುಸ್ತಕದ ಒಂದು ಪುಟದಲ್ಲಿ ಸಾಮಾನ್ಯವಾಗಿ 250ರಿಂದ 300 ಪದ ಇರುತ್ತದೆ. ಮಧ್ಯದ ಯಾವುದಾದರೂ ಪುಟ ತೆರೆದು ಓದುತ್ತಾ ಗೊತ್ತಿಲ್ಲದ ಪದಕ್ಕೊಂದು ಬೆರಳು ಮಡಚಿ. ಪುಟ ಮುಗಿಯುವ ಮೊದಲೇ ಐದೂ ಬೆರಳು ಮಡಚಿ ಇನ್ನೊಂದು ಕೈ ಬೇಕಾಯಿತು ಅಂದರೆ ಆ ಪುಸ್ತಕಕ್ಕೆ ಇನ್ನೂ ಕಾಲ ಬಂದಿಲ್ಲ. ನಾಚಿಕೆ ಬೇಡ, ವಾಪಸ್ ಇಡಿ.

ಹಾಗಾದರೆ ಏನು ಓದುವುದು? ಕಲಿಯುವವರಿಗಾಗಿಯೇ ಪದಗಳನ್ನು ಅಳೆದು ತೂಗಿ ಬರೆದ ಪುಸ್ತಕಗಳಿವೆ. ಗ್ರೇಡೆಡ್ ರೀಡರ್ಸ್ ಅನ್ನುತ್ತಾರೆ. ಕೆಳಗಿನ ಮಟ್ಟದ್ದರಲ್ಲಿ ಕೆಲವೇ ನೂರು ಪದ, ಮೇಲಿನದರಲ್ಲಿ ಎರಡು ಮೂರು ಸಾವಿರ. ಪತ್ತೇದಾರಿ, ಪ್ರವಾಸ, ಜೀವನಚರಿತ್ರೆ, ವಿಜ್ಞಾನ ಎಲ್ಲ ಸಿಗುತ್ತದೆ. ಇದು ಮೊನ್ನೆ ಮೊನ್ನೆ ಹುಟ್ಟಿದ ಉಪಾಯವಲ್ಲ. ಮೈಕೆಲ್ ವೆಸ್ಟ್ ಅನ್ನುವ ಶಿಕ್ಷಕರು ಸುಮಾರು ನೂರು ವರ್ಷದ ಹಿಂದೆ ಢಾಕಾದಲ್ಲಿ ಕಲಿಸುತ್ತಿದ್ದಾಗ, ಬಂಗಾಳಿ ಮಕ್ಕಳಿಗೆ ಮಾತಿಗಿಂತ ಮೊದಲು ಓದು ಬರಬೇಕು ಅಂತ ಇಂಥ ಪಾಠಪುಸ್ತಕಗಳನ್ನು ಸಿದ್ಧಪಡಿಸಿದರು. 1953ರಲ್ಲಿ ಅವರು ಹೊರತಂದ ಸುಮಾರು 2,000 ಪದಗಳ ಪಟ್ಟಿಯನ್ನು ಎಷ್ಟೋ ದಶಕ ಪಠ್ಯಪುಸ್ತಕ ಬರೆಯುವವರು ಪಕ್ಕದಲ್ಲಿಟ್ಟುಕೊಂಡಿದ್ದರು. ರೇಡಿಯೊದಲ್ಲೂ ಇದು ನಡೆಯಿತು. ವಾಯ್ಸ್ ಆಫ್ ಅಮೆರಿಕ 1959ರಲ್ಲಿ ಶುರು ಮಾಡಿದ ‘ಸ್ಪೆಷಲ್ ಇಂಗ್ಲಿಷ್’ ಸುದ್ದಿಯಲ್ಲಿ ಬಳಸುತ್ತಿದ್ದದ್ದು ಸುಮಾರು 1,500 ಪದ, ಗಿಡ್ಡ ವಾಕ್ಯ, ನಿಧಾನದ ಓದು. ಇಡೀ ಜಗತ್ತಿನ ಸುದ್ದಿಯನ್ನು 1,500 ಪದದಲ್ಲಿ ಹೇಳಬಹುದಾದರೆ ನಿಮ್ಮ ಆಫೀಸಿನ ಮೇಲ್ ಯಾವ ಲೆಕ್ಕ?

‘ಮಕ್ಕಳ ಪುಸ್ತಕದ ಹಾಗಿದೆ ಸಾರ್, ಇದನ್ನು ಓದಿ ಏನು ಬಂತು’ ಅಂತ ನನ್ನ ತರಗತಿಯಲ್ಲಿ ಪ್ರತಿ ಸಲ ಯಾರಾದರೂ ಒಬ್ಬರು ಕೇಳುತ್ತಾರೆ. ಅವರಿಗೆ ನಾನು ಫಿಜಿ ದ್ವೀಪದ ಕತೆ ಹೇಳುತ್ತೇನೆ. ವಾರ್ವಿಕ್ ಎಲ್ಲಿ, ಫ್ರಾನ್ಸಿಸ್ ಮಂಗುಭಾಯಿ ಅನ್ನುವ ಇಬ್ಬರು ಸಂಶೋಧಕರು ಅಲ್ಲಿನ ಹಳ್ಳಿಗಳ ಪ್ರಾಥಮಿಕ ಶಾಲೆಗಳಿಗೆ ಚಿತ್ರಗಳಿದ್ದ ಸುಮಾರು 250 ಇಂಗ್ಲಿಷ್ ಕತೆಪುಸ್ತಕ ಕೊಟ್ಟರು. ಸುಲಭದವು, ಕುತೂಹಲ ಹುಟ್ಟಿಸುವಂಥವು. ಉಳಿದ ಶಾಲೆಗಳಲ್ಲಿ ಮಾಮೂಲಿ ಪಾಠವೇ ನಡೆಯಿತು. 1983ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ, ಎಂಟು ತಿಂಗಳಲ್ಲಿ ಕತೆ ಓದಿದ ಮಕ್ಕಳು ಓದಿನಲ್ಲಿ, ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ ಮಾಮೂಲಿಗಿಂತ ಎರಡು ಪಟ್ಟು ವೇಗವಾಗಿ ಮುಂದೆ ಹೋಗಿದ್ದರು. ನಿಮಗೆ ಬೇಕಾದ ವಿಷಯ ಇದರ ಮುಂದಿನದು. 20 ತಿಂಗಳು ಕಳೆಯುವ ಹೊತ್ತಿಗೆ ಅದೇ ಮಕ್ಕಳ ಬರವಣಿಗೆಯೂ ಸುಧಾರಿಸಿತ್ತು. ಎಂಟು ತಿಂಗಳು, ಇಪ್ಪತ್ತು ತಿಂಗಳು. ಓದು ಮೊದಲು ಬಂತು, ಬರಹ ಅದರ ಹಿಂದೆ ನಿಧಾನವಾಗಿ ಬಂತು. ‘30 ದಿನದಲ್ಲಿ ಇಂಗ್ಲಿಷ್’ ಅನ್ನುವ ಜಾಹೀರಾತು ನೋಡಿದಾಗೆಲ್ಲ ನನಗೆ ಈ ಎರಡು ಸಂಖ್ಯೆ ನೆನಪಾಗುತ್ತದೆ.

ಇನ್ನು ಡಿಕ್ಷನರಿ. ಓದುವಾಗ ಅದು ಕೈಗೆ ಸಿಗದ ಜಾಗದಲ್ಲಿರಲಿ. ಗೊತ್ತಿಲ್ಲದ ಪದ ಬಂದರೆ ಪೆನ್ಸಿಲ್‌ನಲ್ಲಿ ಚುಕ್ಕೆ ಇಟ್ಟು ಮುಂದೆ ಹೋಗಿ. ಅದೇ ಪದ ಮೂರನೇ ಸಲ ಎದುರಾಗಿ, ಆಗಲೂ ಅರ್ಥ ಬಿಟ್ಟುಕೊಡದಿದ್ದರೆ ಮಾತ್ರ ಓದು ಮುಗಿಸಿ ತೆಗೆದು ನೋಡಿ. ಹತ್ತರಲ್ಲಿ ಎಷ್ಟೋ ಪದಕ್ಕೆ ಆ ಅಗತ್ಯವೇ ಬೀಳುವುದಿಲ್ಲ. ಆಮೇಲೆ, ಇಂಗ್ಲಿಷಿನಿಂದ ಕನ್ನಡಕ್ಕೆ ಇರುವ ನಿಘಂಟಿನ ಜೊತೆಗೆ ಕಲಿಯುವವರಿಗಾಗಿ ಮಾಡಿದ ಇಂಗ್ಲಿಷ್ ನಿಘಂಟನ್ನೂ ರೂಢಿ ಮಾಡಿಕೊಳ್ಳಿ. ಇಂಗ್ಲಿಷ್ ಮಾತೃಭಾಷೆಯಾದವರ ನಿಘಂಟು ಬೇರೆ, ಇದು ಬೇರೆ. ಎ. ಎಸ್. ಹಾರ್ನ್‌ಬಿ ಅನ್ನುವವರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ, ಅಲ್ಲಿನ ಕಲಿಯುವವರು ಎಲ್ಲಿ ಎಡವುತ್ತಾರೆ ಅಂತ ನೋಡಿ ನೋಡಿ ತಯಾರಿಸಿದ ನಿಘಂಟು 1942ರಲ್ಲಿ ಅಲ್ಲೇ ಅಚ್ಚಾಯಿತು. ಇವತ್ತಿನ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯ ಬೇರು ಅದು. 1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ಎಲ್ಲ ಅರ್ಥವಿವರಣೆಯನ್ನೂ ಸುಮಾರು 2,000 ಪದಗಳಲ್ಲೇ ಬರೆಯಿತು. ಇಂಥ ನಿಘಂಟಿನಲ್ಲಿ ಪದದ ಅರ್ಥಕ್ಕಿಂತ ಅದರ ಕೆಳಗಿರುವ ಉದಾಹರಣೆ ವಾಕ್ಯಗಳೇ ಮುಖ್ಯ. ಆ ಪದ ಯಾರ ಪಕ್ಕದಲ್ಲಿ ಕೂರುತ್ತದೆ ಅಂತ ತಿಳಿಯುವುದು ಅಲ್ಲೇ.

ಈ ಪಕ್ಕದಲ್ಲಿ ಕೂರುವ ವಿಷಯ ನಮ್ಮವರನ್ನು ಜಾಸ್ತಿ ಕಾಡುವಂಥದ್ದು. ಕನ್ನಡದಲ್ಲಿ ‘ಮಾಡು’ ಒಂದಿದ್ದರೆ ಸಾಕು, ಸಂಸಾರ ಸಾಗುತ್ತದೆ. ಕೆಲಸ ಮಾಡು, ತಪ್ಪು ಮಾಡು, ಪ್ರಯಾಣ ಮಾಡು, ಭಾಷಣ ಮಾಡು, ಫೋನ್ ಮಾಡು, ನಿದ್ದೆ ಮಾಡು, ಜಗಳ ಮಾಡು. ಇಂಗ್ಲಿಷಿನಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಯಜಮಾನ. ಕೆಲಸಕ್ಕೆ ‘ಡು’, ತಪ್ಪಿಗೆ ‘ಮೇಕ್’, ಪ್ರಯಾಣಕ್ಕೆ ‘ಟೇಕ್ ಅ ಟ್ರಿಪ್’, ಭಾಷಣಕ್ಕೆ ‘ಗಿವ್’, ಜಗಳಕ್ಕೆ ‘ಹ್ಯಾವ್’. ಫೋನಿಗೆ, ನಿದ್ದೆಗೆ ಏನೂ ಬೇಡ, ‘ಕಾಲ್’, ‘ಸ್ಲೀಪ್’ ಅಂದರೆ ಆಯಿತು. ಇದಕ್ಕೆ ನಿಯಮ ಕೇಳಬೇಡಿ, ಇಲ್ಲ. ‘ಮಿಸ್ಟೇಕ್’ ಅನ್ನುವ ಪದ ಒಂಟಿಯಾಗಿ ಕಲಿತವರು ‘ಐ ಡಿಡ್ ಅ ಮಿಸ್ಟೇಕ್’ ಅಂತಲೇ ಬರೆಯುತ್ತಾರೆ. ‘ಮೇಕ್ ಅ ಮಿಸ್ಟೇಕ್’ ಅಂತ ಜೋಡಿಯಾಗಿ ಕಲಿತವರಿಗೆ ಈ ತೊಂದರೆಯೇ ಇಲ್ಲ. ಆದ್ದರಿಂದ ನಿಮ್ಮ ನೋಟ್‌ಬುಕ್‌ನಲ್ಲಿ ಒಂಟಿ ಪದ ಬರೆಯುವುದನ್ನು ನಿಲ್ಲಿಸಿ. ಕನಿಷ್ಠ ಮೂರು ಪದದ ತುಂಡು ಬರೆಯಿರಿ.

ಹೇಳುತ್ತಿರುವ ನಾನೂ ಇದರಲ್ಲಿ ಪೆಟ್ಟು ತಿಂದವನೇ. ಕಲಿಯುವ ಕಾಲದಲ್ಲಿ ನನ್ನ ಹತ್ತಿರ ದಪ್ಪದೊಂದು ನೋಟ್‌ಬುಕ್ ಇತ್ತು. ಸಿಕ್ಕ ಕಷ್ಟದ ಪದವನ್ನೆಲ್ಲ ಅದರಲ್ಲಿ ತುಂಬುತ್ತಿದ್ದೆ. ಒಂದು ಸಲ ಜ್ವರ ಬಂದು ರಜೆ ಕೇಳಿ ಪತ್ರ ಬರೆಯುವಾಗ, ಮೈಯೆಲ್ಲ ನೋವು ಅನ್ನುವುದಕ್ಕೆ ‘ಯೂಬಿಕ್ವಿಟಸ್ ಪೇನ್’ ಅಂತ ಹಾಕಿದೆ. ಹಾಗಂದರೆ ಸರ್ವಾಂತರ್ಯಾಮಿ ನೋವು! ಓದಿದವರು ರಜೆ ಕೊಟ್ಟರು, ಜೊತೆಗೆ ಆ ಪತ್ರವನ್ನು ನಾಲ್ಕು ಜನಕ್ಕೆ ತೋರಿಸಿದರು.

ಈಗ ಬರವಣಿಗೆಗೆ ಬರೋಣ. ‘ದಿನಾ ಒಂದು ಪ್ರಬಂಧ ಬರೆಯಿರಿ’ ಅಂತ ನಾನು ಹೇಳುವುದಿಲ್ಲ. ನೀವು ಬರೆಯುವುದೂ ಇಲ್ಲ. ನಾನು ಹೇಳುವುದು ಹಳೇ ಕಾಲದ ಒಂದು ಆಟ. 16ನೇ ಶತಮಾನದಲ್ಲಿ ಇಂಗ್ಲೆಂಡಿನ ಒಂದನೇ ಎಲಿಜಬೆತ್ ರಾಣಿಗೆ ಪಾಠ ಹೇಳಿದ ರಾಜರ್ ಆಸ್ಕಮ್ ಲ್ಯಾಟಿನ್ ಕಲಿಸಲು ಇದನ್ನೇ ಹೇಳಿದ್ದ. ಲ್ಯಾಟಿನ್ ಬರಹವನ್ನು ಇಂಗ್ಲಿಷಿಗೆ ತರಬೇಕು. ಸ್ವಲ್ಪ ಹೊತ್ತು ಬಿಟ್ಟು, ಮೂಲ ನೋಡದೆ, ಮತ್ತೆ ಲ್ಯಾಟಿನ್‌ಗೆ ತಿರುಗಿಸಬೇಕು. ಆಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ ತನ್ನ ಮಾತೃಭಾಷೆಯಲ್ಲೇ ಇಂಥದ್ದೊಂದು ಮಾಡಿದ. ಒಳ್ಳೆ ಲೇಖನದ ಪ್ರತಿ ವಾಕ್ಯಕ್ಕೂ ಒಂದು ಸಣ್ಣ ಸುಳಿವು ಬರೆದಿಟ್ಟು, ಕೆಲವು ದಿನ ಬಿಟ್ಟು, ಆ ಸುಳಿವಿನಿಂದ ಲೇಖನವನ್ನು ಮತ್ತೆ ಕಟ್ಟಿ, ಮೂಲದ ಜೊತೆ ಹೋಲಿಸಿ ತನ್ನ ತಪ್ಪು ತಿದ್ದಿಕೊಳ್ಳುತ್ತಿದ್ದ. ಮೇಷ್ಟ್ರೇ ಇಲ್ಲದ ಪಾಠ ಇದು. ನಿಮಗೆ ತಿದ್ದುವವರು ಯಾರೂ ಇಲ್ಲ ಅಲ್ವಾ? ಮೂಲವೇ ತಿದ್ದುತ್ತದೆ.

ಹೇಗೆ ಅಂತ ಹತ್ತಿರದಿಂದ ತೋರಿಸುತ್ತೇನೆ. ನೀವು ಓದುತ್ತಿರುವ ಸುಲಭದ ಕತೆಯಲ್ಲಿ ಇಂಥ ಮೂರು ವಾಕ್ಯ ಬಂತು ಅಂದುಕೊಳ್ಳಿ: ‘ದ ಲಾಸ್ಟ್ ಬಸ್ ಹ್ಯಾಡ್ ಆಲ್ರೆಡಿ ಲೆಫ್ಟ್. ಹಿ ಸ್ಯಾಟ್ ಡೌನ್ ಆನ್ ಅ ಬೆಂಚ್ ಆಂಡ್ ಟುಕ್ ಆಫ್ ಹಿಸ್ ಶೂಸ್. ದೇರ್ ವಾಸ್ ನೋ ಹರಿ ನೌ.’ ಇದನ್ನು ಸಹಜ ಕನ್ನಡದಲ್ಲಿ ಬರೆದುಕೊಳ್ಳಿ. ‘ಕೊನೇ ಬಸ್ಸು ಆಗಲೇ ಹೊರಟುಹೋಗಿತ್ತು. ಅವನು ಬೆಂಚಿನ ಮೇಲೆ ಕೂತು ಶೂ ಬಿಚ್ಚಿದ. ಇನ್ನೇನೂ ಅವಸರವಿರಲಿಲ್ಲ.’ ಪುಸ್ತಕ ಮುಚ್ಚಿ. ಮಾರನೇ ದಿನ ಬರೀ ಕನ್ನಡ ನೋಡಿಕೊಂಡು ಇಂಗ್ಲಿಷಿಗೆ ತನ್ನಿ. ನನ್ನ ತರಗತಿಯಲ್ಲಿ ಸಾಮಾನ್ಯವಾಗಿ ಬರುವುದು ಹೀಗೆ: ‘ಲಾಸ್ಟ್ ಬಸ್ ವಾಸ್ ಆಲ್ರೆಡಿ ವೆಂಟ್. ಹಿ ಸ್ಯಾಟ್ ಇನ್ ಬೆಂಚ್ ಆಂಡ್ ರಿಮೂವ್ಡ್ ಹಿಸ್ ಶೂ. ನೌ ನೋ ಹರಿ.’

ಈಗ ಮೂಲ ತೆಗೆದು ಪಕ್ಕದಲ್ಲಿಡಿ. ಮೊದಲ ವಾಕ್ಯದಲ್ಲಿ ‘ದ’ ಬಿಟ್ಟುಹೋಗಿದೆ. ಯಾಕೆ ಬೇಕಿತ್ತು? ಕೊನೇ ಬಸ್ಸು ಅಂದರೆ ಯಾವುದೋ ಒಂದಲ್ಲ, ಇರುವುದೇ ಒಂದು. ಬೆಂಚಿಗೆ ‘ಅ’ ಯಾಕೆ? ಕತೆಯಲ್ಲಿ ಅದು ಈಗಷ್ಟೇ ಕಾಣಿಸಿಕೊಂಡಿದೆ, ಯಾವ ಬೆಂಚು ಅಂತ ಓದುವವರಿಗೆ ಇನ್ನೂ ಗೊತ್ತಿಲ್ಲ. ಮುಂದಿನ ವಾಕ್ಯದಲ್ಲಿ ಅದೇ ಬೆಂಚು ಮತ್ತೆ ಬಂದಿದ್ದರೆ ‘ದ ಬೆಂಚ್’ ಆಗುತ್ತಿತ್ತು. ಕನ್ನಡ ಈ ವ್ಯತ್ಯಾಸವನ್ನು ಪ್ರತಿ ಸಲ ಬಾಯಿಬಿಟ್ಟು ಹೇಳುವುದಿಲ್ಲ, ಸಂದರ್ಭಕ್ಕೆ ಬಿಡುತ್ತದೆ. ಅದಕ್ಕೇ ನಮ್ಮ ಕೈ ತಪ್ಪುತ್ತದೆ. ‘ವಾಸ್ ವೆಂಟ್’ ಬಂದದ್ದು ಎಲ್ಲಿಂದ? ‘ಹೋಗಿತ್ತು’ ಅನ್ನುವುದರ ಕೊನೆಯ ‘ಇತ್ತು’ ಇದೆಯಲ್ಲ, ಅದಕ್ಕೆ ‘ವಾಸ್’ ಹಾಕಿದ್ದು. ಕೆಲಸ ಮಾಡಿದ್ದು ತರ್ಕವೇ, ಆದರೆ ಕನ್ನಡದ ತರ್ಕ. ‘ಇನ್ ಬೆಂಚ್’ ಅಂದರೆ ಬೆಂಚಿನ ಒಳಗೆ. ‘ರಿಮೂವ್ಡ್’ ತಪ್ಪಲ್ಲ, ಆದರೆ ಮೈಮೇಲಿನದ್ದನ್ನು ಬಿಚ್ಚುವುದಕ್ಕೆ ದಿನಬಳಕೆಯಲ್ಲಿ ‘ಟೇಕ್ ಆಫ್’. ನಾವು ಎರಡು ಕಾಲಿಗೂ ಸೇರಿಸಿ ‘ಶೂ’ ಅನ್ನುತ್ತೇವೆ, ಅವರು ಎಣಿಸುತ್ತಾರೆ. ಕೊನೆಯ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ. ಕನ್ನಡದಲ್ಲಿ ‘ಇದು ನನ್ನ ಮನೆ’ ಅಂದರೆ ವಾಕ್ಯ ಮುಗಿಯಿತು. ಇಂಗ್ಲಿಷಿಗೆ ಕ್ರಿಯಾಪದ ಇಲ್ಲದೆ ಸಮಾಧಾನವಿಲ್ಲ. ಏನೂ ಸಿಗದಿದ್ದರೆ ‘ದೇರ್ ವಾಸ್’ ಅಂತಾದರೂ ನಿಲ್ಲಿಸಬೇಕು.

ನೋಡಿ, ಮೂರು ವಾಕ್ಯದಲ್ಲಿ ಎಷ್ಟು ಪಾಠ! ಇದೆಲ್ಲ ನಿಮ್ಮ ಗ್ರಾಮರ್ ಪುಸ್ತಕದಲ್ಲಿ ಇತ್ತು. ನೀವು ಓದಿಯೂ ಇದ್ದೀರಿ. ಆದರೆ ಅಲ್ಲಿ ಅದು ಯಾರದೋ ತಪ್ಪು. ಇಲ್ಲಿ ನಿಮ್ಮದು, ನಿನ್ನೆ ಕಣ್ಣಾರೆ ನೋಡಿದ ವಾಕ್ಯದಲ್ಲೇ ಇವತ್ತು ಮಾಡಿದ ತಪ್ಪು. ಅದು ಚುಚ್ಚುತ್ತದೆ, ಚುಚ್ಚಿದ್ದು ನೆನಪಿರುತ್ತದೆ. ದಿನಕ್ಕೆ ಮೂರೋ ನಾಲ್ಕೋ ವಾಕ್ಯ ಸಾಕು. ಕಾಲು ಗಂಟೆಯ ಕೆಲಸ. ಕಾಲು ಗಂಟೆಗಿಂತ ಜಾಸ್ತಿ ಹಿಡಿಯುತ್ತಿದೆ ಅಂದರೆ ನೀವು ಆರಿಸಿದ ವಾಕ್ಯ ಕಷ್ಟದ್ದು ಅಂತ ಅರ್ಥ.

ಕನ್ನಡದಲ್ಲಿ ಯೋಚಿಸುವುದನ್ನು ಬಿಡಬೇಕಾ? ಬೇಡ. ‘ಇಂಗ್ಲಿಷಿನಲ್ಲೇ ಯೋಚಿಸಿ’ ಅನ್ನುವುದು ಹೇಳಲು ಚೆಂದ, ಮಾಡಲು ಆಗದ ಮಾತು. ಯೋಚನೆ ಕನ್ನಡದಲ್ಲೇ ಇರಲಿ. ಆ ವಾಕ್ಯವನ್ನು ಇಡಿಯಾಗಿ ಎತ್ತಿಕೊಂಡು ಹೋಗಬೇಡಿ, ಅಷ್ಟೆ. ನಿಮ್ಮ ಮೇಲ್‌ನಲ್ಲಿ ಬರಬಹುದಾದ ಒಂದು ವಾಕ್ಯ ನೋಡಿ: ‘ನಿನ್ನೆ ನೀವು ಕಳಿಸಿದ ಫೈಲ್ ತೆರೆಯಲು ಹೋದಾಗ ಬಂದ ಎರರ್ ಬಗ್ಗೆ ನಮ್ಮ ಟೀಮಿಗೆ ಹೇಳಿದ್ದೇನೆ.’ ಕನ್ನಡಕ್ಕೆ ಇದು ಲೀಲಾಜಾಲ. ‘ಕಳಿಸಿದ ಫೈಲ್’, ‘ಬಂದ ಎರರ್’ ಅಂತ ವಿವರಣೆಯನ್ನೆಲ್ಲ ಪದದ ಹಿಂದೆ ಪೋಣಿಸುತ್ತಾ ಹೋಗಿ ಕೊನೆಗೆ ಕ್ರಿಯಾಪದ ಇಟ್ಟು ಗಂಟು ಹಾಕುತ್ತದೆ. ಇಂಗ್ಲಿಷಿನಲ್ಲಿ ಇಂಥ ವಿವರಣೆ ಪದದ ಮುಂದೆ ಬರುತ್ತದೆ, ಕ್ರಿಯಾಪದ ಶುರುವಿನಲ್ಲೇ ಬರುತ್ತದೆ. ಅಂದರೆ ಇಡೀ ಸರವನ್ನು ಬಿಚ್ಚಿ ಉಲ್ಟಾ ಪೋಣಿಸಬೇಕು. ಮುಕ್ಕಾಲು ಗಂಟೆ ಹೋಗುತ್ತಿರುವುದು ಅಲ್ಲೇ.

ಅದರ ಬದಲು ಸರವನ್ನು ಕನ್ನಡದಲ್ಲೇ ತುಂಡು ಮಾಡಿ. ನಿನ್ನೆ ನೀವು ಒಂದು ಫೈಲ್ ಕಳಿಸಿದಿರಿ. ನಾನು ಅದನ್ನು ತೆರೆಯಲು ನೋಡಿದೆ, ಎರರ್ ಬಂತು. ನಮ್ಮ ಟೀಮಿಗೆ ಹೇಳಿದ್ದೇನೆ. ಈಗ ಒಂದೊಂದನ್ನೇ ದಾಟಿಸಿ: ‘ಯು ಸೆಂಟ್ ಮಿ ಅ ಫೈಲ್ ಯೆಸ್ಟರ್ಡೇ. ವೆನ್ ಐ ಟ್ರೈಡ್ ಟು ಓಪನ್ ಇಟ್, ಐ ಗಾಟ್ ಆನ್ ಎರರ್. ಐ ಹ್ಯಾವ್ ಟೋಲ್ಡ್ ಅವರ್ ಟೀಮ್ ಅಬೌಟ್ ಇಟ್.’ ಮೂರು ವಾಕ್ಯ, ಒಂದೂ ಅಪರೂಪದ ಪದವಿಲ್ಲ. ಬಾಲಿಶ ಅನ್ನಿಸಿತಾ? ಓದುವವರಿಗೆ ಹಾಗನ್ನಿಸುವುದಿಲ್ಲ. ದಿನಕ್ಕೆ ಎಷ್ಟೋ ಮೇಲ್ ನೋಡುವವರು ಇಂಥದ್ದು ಸಿಕ್ಕರೆ ಪುಣ್ಯ ಅಂದುಕೊಳ್ಳುತ್ತಾರೆ.

ಇಲ್ಲೇ ಇನ್ನೊಂದು ನೋಡಿ. ‘ಟೀಮಿಗೆ ಹೇಳಿದ್ದೇನೆ’ಗೆ ‘ಹ್ಯಾವ್ ಟೋಲ್ಡ್’ ಸರಿ. ಆದರೆ ‘ನಿನ್ನೆ ಕಳಿಸಿದ್ದೇನೆ’ ಅನ್ನುವುದಕ್ಕೆ ‘ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್ಡೇ’ ಅನ್ನುವಂತಿಲ್ಲ. ‘ನಿನ್ನೆ’, ‘ಕಳೆದ ವಾರ’ ಅಂತ ಮುಗಿದ ಕಾಲವನ್ನು ಹೆಸರಿಸಿದ ಕೂಡಲೇ ‘ಹ್ಯಾವ್’ ಬಿಡಬೇಕು, ‘ಐ ಸೆಂಟ್ ಇಟ್ ಯೆಸ್ಟರ್ಡೇ’. ಕನ್ನಡ ಎರಡಕ್ಕೂ ಒಪ್ಪುತ್ತದೆ, ಹಾಗಾಗಿ ಕಿವಿಗೆ ತಪ್ಪು ಗೊತ್ತಾಗುವುದಿಲ್ಲ. ‘ಡಿಸ್ಕಸ್ ಅಬೌಟ್’ ಅನ್ನುವುದೂ ಇದೇ ಜಾತಿ. ಕನ್ನಡದ ‘ಬಗ್ಗೆ’ಯನ್ನು ಹೊತ್ತು ತಂದದ್ದು. ಬರೀ ‘ಡಿಸ್ಕಸ್’ ಸಾಕು.

ಇಂಥ ತಪ್ಪುಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ. ಎಲ್ಲವನ್ನೂ ಅಲ್ಲ, ನೀವು ಪದೇ ಪದೇ ಮಾಡುವ ಐದೇ ಐದು. ಮೇಲ್ ಬರೆದು ಮುಗಿಸಿ, ಕಳಿಸುವ ಮೊದಲು ಆ ಐದನ್ನು ಮಾತ್ರ ಹುಡುಕಿ. ಒಂದು ತಪ್ಪು ಎರಡು ವಾರ ಕಾಣಿಸದಿದ್ದರೆ ಹೊಡೆದುಹಾಕಿ ಹೊಸದನ್ನು ಸೇರಿಸಿ. ಬರೆಯುವಾಗಲೇ ತಿದ್ದುತ್ತಾ ಕೂರಬೇಡಿ. ಗೊತ್ತಾಗದ ಪದ ಬಂದರೆ ಕನ್ನಡದಲ್ಲೇ ಬರೆದು ಮುಂದೆ ಹೋಗಿ, ಆಮೇಲೆ ನೋಡಿಕೊಂಡರಾಯಿತು. ಬರೆಯುವವನೂ ತಿದ್ದುವವನೂ ಒಟ್ಟಿಗೆ ಕೂತರೆ ಇಬ್ಬರೂ ಕೆಲಸ ಮಾಡುವುದಿಲ್ಲ.

ನಿಮಗೆ ಬರುವ ಮೇಲ್‌ಗಳೂ ಓದಿನ ಸಾಮಗ್ರಿಯೇ, ಅದನ್ನು ಸುಮ್ನೆ ಡಿಲೀಟ್ ಮಾಡಬೇಡಿ. ಚೆನ್ನಾಗಿ ಬರೆಯುವ ಒಬ್ಬ ಸಹೋದ್ಯೋಗಿ ಇದ್ದೇ ಇರುತ್ತಾರೆ. ಅವರು ತಡವಾದದ್ದಕ್ಕೆ ಕ್ಷಮೆ ಹೇಗೆ ಕೇಳುತ್ತಾರೆ, ಆಗುವುದಿಲ್ಲ ಅನ್ನುವುದನ್ನು ಹೇಗೆ ಹೇಳುತ್ತಾರೆ, ನೆನಪಿಸುವುದು ಹೇಗೆ ಅಂತ ನೋಡಿ ಆ ವಾಕ್ಯಗಳನ್ನು ಎತ್ತಿಡಿ. ಆಫೀಸಿನ ಮೇಲ್‌ನಲ್ಲಿ ಹೊಸದಾಗಿ ಸೃಷ್ಟಿಸಬೇಕಾದದ್ದು ತುಂಬ ಕಡಿಮೆ. ಇಂಥ ಮೂವತ್ತು ನಲವತ್ತು ವಾಕ್ಯ ಕೈಯಲ್ಲಿದ್ದರೆ ಮುಕ್ಕಾಲು ಗಂಟೆಯ ಕೆಲಸ ತಾನಾಗಿ ಇಳಿಯುತ್ತದೆ.

ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಬಳಸುತ್ತಿರಬಹುದು. ಬಳಸಿ, ತಪ್ಪೇನಿಲ್ಲ. ಕೇಳುವ ರೀತಿ ಮಾತ್ರ ಬದಲಿಸಿ. ‘ಇದನ್ನು ಚೆನ್ನಾಗಿ ಬರೆದುಕೊಡು’ ಅಂದರೆ ಮೇಲ್ ಚೆನ್ನಾಗುತ್ತದೆ, ನೀವು ಇದ್ದಲ್ಲೇ ಇರುತ್ತೀರಿ. ಮೊದಲು ನೀವೇ ಬರೆದು, ‘ಎಲ್ಲೆಲ್ಲಿ ತಪ್ಪಿದೆ ಅಂತ ಗುರುತು ಮಾತ್ರ ಹಾಕು, ತಿದ್ದಬೇಡ’ ಅನ್ನಿ. ತಿದ್ದುವ ಕೆಲಸ ನಿಮ್ಮದಾಗಲಿ. ಆಮೇಲೆ ಬೇಕಾದರೆ ಅದರ ಉತ್ತರ ನೋಡಿ. ಅದು ಕೊಡುವ ಇಂಗ್ಲಿಷಿನಲ್ಲಿ ಒಂದು ಬಗೆಯ ಪಾಲಿಶ್ ಇರುತ್ತದೆ. ನಿಮ್ಮ ಹತ್ತು ಸಾಲಿನ ಮೇಲ್‌ಗೆ ಅದೆಲ್ಲ ಬೇಕಾಗಿಲ್ಲ.

ದಿನದ ಲೆಕ್ಕ ಹೇಳಿ ಅಂದರೆ ಸುಲಭದ ಓದು ಅರ್ಧ ಗಂಟೆ, ಮೇಲೆ ಹೇಳಿದ ಆಟ ಕಾಲು ಗಂಟೆ. ಎರಡರಲ್ಲಿ ಒಂದನ್ನು ಬಿಡಬೇಕಾಗಿ ಬಂದ ದಿನ ಆಟ ಬಿಡಿ, ಓದು ಬಿಡಬೇಡಿ. ಓದುವಾಗ ತುಟಿ ಆಡಿಸುತ್ತಾ, ಹಿಂದಿನ ಸಾಲಿಗೆ ಪದೇ ಪದೇ ಹೋಗುತ್ತಾ ಇದ್ದರೆ ಗಾಬರಿಯಾಗಬೇಡಿ. ಇಂಗ್ಲಿಷ್ ಮಾತೃಭಾಷೆಯ ವಯಸ್ಕರು ಮನಸ್ಸಿನಲ್ಲೇ ಓದುವಾಗ ನಿಮಿಷಕ್ಕೆ ಸುಮಾರು 240 ಪದದ ಆಸುಪಾಸಿನಲ್ಲಿರುತ್ತಾರೆ. ನೀವು ಈಗ 100ರಲ್ಲಿ ಇರಬಹುದು. ತಿಂಗಳಿಗೊಮ್ಮೆ ಗಡಿಯಾರ ಇಟ್ಟು ಒಂದು ಪುಟ ಓದಿ, ಗುರುತು ಹಾಕಿ. ಆ ಸಂಖ್ಯೆ ಏರುವುದನ್ನು ನೋಡುವ ಖುಷಿಯೇ ಬೇರೆ. ಮೇಲ್‌ಗೆ ಹಿಡಿದ ಹೊತ್ತನ್ನೂ ಬರೆದಿಡಿ. ಅದು ಇಳಿಯಲು ಇನ್ನೂ ಸ್ವಲ್ಪ ತಡವಾಗುತ್ತದೆ, ಫಿಜಿಯ ಮಕ್ಕಳ ಹಾಗೆ.

ಒಂದು ಎಚ್ಚರಿಕೆ. ಉಚಿತವಾಗಿ ಸಿಗುತ್ತದೆ ಅಂತ ಹಳೇ ಕಾದಂಬರಿಗಳಿಗೆ ಕೈ ಹಾಕಬೇಡಿ. ಪ್ರಾಜೆಕ್ಟ್ ಗುಟೆನ್‌ಬರ್ಗ್ 1971ರಿಂದ ಕಟ್ಟುತ್ತಾ ಬಂದಿರುವ ಪುಸ್ತಕರಾಶಿ ದೊಡ್ಡ ಉಪಕಾರ, ನಿಜ. ಆದರೆ ಅಲ್ಲಿರುವುದರಲ್ಲಿ ಹೆಚ್ಚಿನವು ಹಕ್ಕುಸ್ವಾಮ್ಯ ಮುಗಿದಷ್ಟು ಹಳೆಯವು. ಅವುಗಳ ಇಂಗ್ಲಿಷಿನಲ್ಲಿ ಇವತ್ತು ಮೇಲ್ ಬರೆದರೆ ನನ್ನ ಸರ್ವಾಂತರ್ಯಾಮಿ ನೋವಿನ ಕತೆಯೇ ಆಗುತ್ತದೆ.

ಕೊನೆಗೆ ಸ್ಪೆಲಿಂಗ್. ಕನ್ನಡದಲ್ಲಿ ಬರೆದಂತೆ ಓದಿ ರೂಢಿಯಾದವರಿಗೆ ಇಂಗ್ಲಿಷ್ ಸ್ಪೆಲಿಂಗ್ ಮೇಲೆ ಸಿಟ್ಟು ಸಹಜ. ಅದಕ್ಕೂ ಒಂದು ಇತಿಹಾಸವಿದೆ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ. ಅಲ್ಲಿಂದಾಚೆ ಸ್ಪೆಲಿಂಗ್ ನಿಧಾನವಾಗಿ ಗಟ್ಟಿಯಾಗುತ್ತಾ ಹೋಯಿತು, ಉಚ್ಚಾರ ಮಾತ್ರ ಬದಲಾಗುತ್ತಲೇ ಇತ್ತು. ‘ನೈಟ್’ ಅಂದರೆ ಕುದುರೆ ಏರಿದ ಯೋಧನ ಮೊದಲ ‘ಕೆ’ಯನ್ನು ಒಂದು ಕಾಲದಲ್ಲಿ ಬಾಯಿಬಿಟ್ಟೇ ಹೇಳುತ್ತಿದ್ದರು. ಸಾಲ ಅನ್ನುವ ‘ಡೆಟ್’ ಪದದ ‘ಬಿ’ ಕತೆ ಬೇರೆ. ಅದನ್ನು ಯಾರೂ ಉಚ್ಚರಿಸುತ್ತಿರಲಿಲ್ಲ. ಲ್ಯಾಟಿನ್ ಮೂಲ ಕಾಣಿಸಲಿ ಅಂತ ಪಂಡಿತರು ಮಧ್ಯೆ ತುರುಕಿದ್ದು. ಆದ್ದರಿಂದ ನೀವು ಅದನ್ನು ಮರೆತರೆ ತಪ್ಪು ನಿಮ್ಮೊಬ್ಬರದೇ ಅಲ್ಲ.

ಅಮೆರಿಕದ ನೋವಾ ವೆಬ್‌ಸ್ಟರ್ ತನ್ನ 1828ರ ನಿಘಂಟಿನಲ್ಲಿ ‘ಕಲರ್’ನ ‘ಯು’ ಕಿತ್ತು, ‘ಸೆಂಟರ್’ನ ಕೊನೆಯ ಎರಡು ಅಕ್ಷರ ಅದಲುಬದಲು ಮಾಡಿದ ರೂಪಗಳನ್ನು ಕೊಟ್ಟ. ಈಗ ಎರಡೂ ಸರಿ. ನಿಮ್ಮ ಕಂಪನಿ ಯಾವುದನ್ನು ಬಳಸುತ್ತದೋ ಅದನ್ನು ಹಿಡಿಯಿರಿ, ಒಂದೇ ಮೇಲ್‌ನಲ್ಲಿ ಎರಡನ್ನೂ ಬೆರೆಸಬೇಡಿ. ಕಂಪ್ಯೂಟರಿನಲ್ಲಿ ಸ್ಪೆಲ್ ಚೆಕ್ ಭಾಷೆಯನ್ನು ಅದಕ್ಕೆ ತಕ್ಕಂತೆ ಒಮ್ಮೆ ಆರಿಸಿಟ್ಟರೆ ಸಾಕು. ‘ಆರ್ಗನೈಸ್’ ಥರದ ಪದಗಳಲ್ಲಿ ‘ಜೆಡ್’ ಕಂಡ ಕೂಡಲೇ ಅಮೆರಿಕನ್ ಅಂತ ಯಾರಾದರೂ ತಿದ್ದಲು ಬಂದರೆ, ಆಕ್ಸ್‌ಫರ್ಡ್‌ನವರ ನಿಘಂಟಿನಲ್ಲೂ ಮೊದಲು ಇರುವುದು ಅದೇ ‘ಜೆಡ್’ ಅಂತ ತೋರಿಸಿ.